ಬಾಣಂತಿ ಕೋಣೆಯ ಜಿರಳೆಗಳು

ಫೋನ್ ಎತ್ತಿದ ಕೂಡಲೇ ಆ ಹೆಂಗಸು ದಿನದ ಲೆಕ್ಕ ಹಿಡಿದುಕೊಂಡೇ ಮಾತಾಡಿದರು.

"ಅಣ್ಣಾರ, ಜೊಂಡಿಗ್ಯಾ ತಗಿಯಾವ್ರು ನೀವ ಅಲ್ರಿ? ಆರ ವಾರದಾಗ ಮನಿ ಸ್ವಚ್ಛ ಆಗಬೇಕ್ರಿ. ಆಗತೈತೋ ಇಲ್ಲೋ, ಅಷ್ಟ ಹೇಳ್ರಿ."

ನಿಪ್ಪಾಣಿ, ಚಿಕ್ಕೋಡಿ ಕಡೆಯ ಮನೆಗಳಲ್ಲಿ ಜಿರಳೆ, ಗೆದ್ದಲು, ತಿಗಣೆ ತೆಗೆಯುವುದು ನನ್ನ ಕೆಲಸ. ನಮ್ಮ ಕಡೆ ಜಿರಳೆಗೆ ಜೊಂಡಿಗ್ಯಾ ಎನ್ನುತ್ತಾರೆ, ಮರಾಠಿ ಮಾತಾಡುವವರು ಝುರಳ ಎನ್ನುತ್ತಾರೆ. ಹೆಸರು ಯಾವುದಾದರೂ ಇರಲಿ, ಅವನ್ನು ನನ್ನಷ್ಟು ಬಲ್ಲವರು ತಾಲೂಕಿನಲ್ಲಿ ಇಲ್ಲ ಎಂಬ ಜಂಬ ಆಗ ನನಗಿತ್ತು. ಆ ಜಂಬದಲ್ಲೇ, "ಆರ ವಾರ ಯಾಕ್ರಿ ಅಕ್ಕಾರ, ಆರ ದಿನ ಸಾಕ್ರಿ" ಎಂದುಬಿಟ್ಟೆ. ಆ ಮಾತನ್ನು ಆಮೇಲೆ ಎಷ್ಟು ಸಲ ನುಂಗಿಕೊಂಡೆನೋ ಲೆಕ್ಕವಿಲ್ಲ.

ಮನೆ ನಿಪ್ಪಾಣಿಯ ಒಂದು ಹಳೆಯ ಓಣಿಯಲ್ಲಿತ್ತು. ಗೋಡೆಗೆ ಗೋಡೆ ಅಂಟಿಸಿಕೊಂಡು ಸಾಲಾಗಿ ನಿಂತ ಮನೆಗಳು. ಮುಂದೆ ಪಡಸಾಲೆ, ಹಿಂದೆ ಅಡುಗೆಮನೆ, ನಡುವೆ ಕಿಟಕಿ ಸಣ್ಣದಾದ ಒಂದು ಕೋಣೆ. ಪಡಸಾಲೆಯಲ್ಲಿ ಆಕೆ ಮೊರ ತೊಡೆಯ ಮೇಲಿಟ್ಟುಕೊಂಡು ಬೀಡಿ ಕಟ್ಟುತ್ತಿದ್ದರು. ಗೋಡೆಗೆ ಒರಗಿ ಅವರ ಅತ್ತೆ ಕೂತಿದ್ದರು. ಓಣಿಯವರೆಲ್ಲ ಈ ಅಜ್ಜಿಗೆ ಆಯಿ ಎಂದೇ ಕರೆಯುವುದು. ಆಯಿಗೆ ಕಣ್ಣು ಮಂಜಾಗಿತ್ತು, ಆದರೆ ನಾನು ಹೊಸ್ತಿಲು ದಾಟುವ ಮೊದಲೇ "ಯಾರೋ ಗಂಡಸ ಬಂದ ನೋಡ" ಎಂದರು. ಹರೆಯದಿಂದ ಮುಪ್ಪಿನವರೆಗೆ ತಂಬಾಕಿನ ವಖಾರಿಯಲ್ಲಿ ಎಲೆ ಆರಿಸುತ್ತ ಕಳೆದವರು. ಕಣ್ಣು ಮುಚ್ಚಿಕೊಂಡು ಮೂಸಿ ಇದು ಯಾವ ದರ್ಜೆಯ ತಂಬಾಕು ಎಂದು ಹೇಳುತ್ತಿದ್ದರಂತೆ. ಸೊಸೆ ಇದನ್ನು ಹೇಳಿದಾಗ ನಾನು ಹೂಂ ಎಂದು ತಲೆಯಾಡಿಸಿ ಬ್ಯಾಟರಿ ತೆಗೆದೆ.

ಆರು ವಾರದ ಗುಟ್ಟು ಅಕ್ಕನವರ ಬಾಯಿಂದಲೇ ಬಂತು. ಒಬ್ಬಳೇ ಮಗಳು, ತಂದೆ ಇಲ್ಲ. ಏಕಸಂಬಿಗೆ ಕೊಟ್ಟಿದ್ದಾರೆ, ಈಗ ಚೊಚ್ಚಲ ಬಸುರಿ, ಆರು ವಾರಕ್ಕೆ ಬಾಣಂತನಕ್ಕೆಂದು ತವರಿಗೆ ಬರಬೇಕು. ಕುಬಸಕ್ಕೆ, ಅಂದರೆ ಸೀಮಂತಕ್ಕೆ, ಬಂದಿದ್ದ ಬೀಗತಿ ಅಡುಗೆಮನೆಯಲ್ಲಿ ನೀರು ಕುಡಿಯಲು ಲೋಟ ಎತ್ತಿದರೆ ಎರಡು ಜಿರಳೆ ಅವರ ಕೈ ಮೇಲೆ ಹಾದು ಹೋಗಿವೆ. ಅವರು ಊರಿಗೆ ಹೋಗಿ ಫೋನ್ ಮಾಡಿ, "ಬ್ಯಾಸರ ಮಾಡ್ಕೋಬ್ಯಾಡ್ರಿ. ಹಾಲ ಕುಡದ ಕೂಸಿನ ತುಟಿ ಕಡೀತಾವ್ರಿ ಅವು. ಮನಿ ಸ್ವಚ್ಛ ಆದ್ರ ನಾನ ಬಂದ ಬಿಟ್ಟ ಹೋಕ್ಕೀನಿ, ಇಲ್ಲಂದ್ರ ಬಾಣಂತನ ಇಲ್ಲೇ ಆಗ್ಲಿ" ಎಂದಿದ್ದಾರೆ. ಆ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಹಾಲಿನ ವಾಸನೆಗೆ ಅವು ಬರುತ್ತವೆ, ನಾನೇ ನೋಡಿದ್ದೇನೆ.

"ಚೊಚ್ಚಲ ಬಾಣಂತನ ತವರಾಗ ಆಗ್ಲಿಲ್ಲಂದ್ರ ನಾ ಯಾತರ ತಾಯಿ ಅಣ್ಣಾರ?" ಎನ್ನುತ್ತ ಅಕ್ಕ ನಡುಕೋಣೆ ತೋರಿಸಿದರು. ಬಾಣಂತಿ ಮಲಗುವ ಹೊರಸು ಆಗಲೇ ಸಿದ್ಧವಾಗಿತ್ತು. ಗೂಟಕ್ಕೆ ಕೂಸಿನ ಕುಲಾವಿಯೂ ತೂಗಿತ್ತು.

ನಾನು ಕೆಲಸ ಶುರು ಮಾಡಿದೆ. ಮೊದಲು ಜಾತಿ ಗುರುತಿಸಬೇಕು. ಮೋರಿಯಿಂದ ಬರುವ ದೊಡ್ಡ ಕೆಂಪು ಜಿರಳೆಯಾದರೆ ಜಾಲರಿ ಹಾಕಿ ಮೋರಿ ಮುಚ್ಚಿದರೆ ಅರ್ಧ ಕೆಲಸ ಮುಗಿಯಿತು. ಇವು ಆ ಜಾತಿಯವಲ್ಲ. ಉಗುರಿನಷ್ಟು ಉದ್ದ, ಗೋಧಿ ಬಣ್ಣ, ಕುತ್ತಿಗೆಯ ಹಿಂದೆ ಎರಡು ಕಪ್ಪು ಗೆರೆ. ಇವು ಹೊರಗಿನಿಂದ ಬಂದು ಹೋಗುವುದಿಲ್ಲ, ಮನೆಯಲ್ಲೇ ಸಂಸಾರ ಹೂಡುತ್ತವೆ. ಹೆಣ್ಣು ತನ್ನ ತತ್ತಿಯ ಚೀಲವನ್ನು ಬಾಲಕ್ಕೆ ಅಂಟಿಸಿಕೊಂಡೇ ತಿರುಗುತ್ತದೆ, ಒಂದೊಂದರಿಂದ ಮೂವತ್ತು ನಾಲ್ವತ್ತು ಮರಿ. ಫ್ರಿಜ್ ಬಾಗಿಲಿನ ರಬ್ಬರ್ ಬಿಡಿಸಿದರೆ ಚಹಾಪುಡಿ ಚೆಲ್ಲಿದಂತೆ ಹಿಕ್ಕೆ. ಗ್ಯಾಸ್ ಒಲೆಯ ಅಡಿ, ಮಿಕ್ಸರಿನ ತಳ, ಕಪಾಟಿನ ಕೀಲು, ದೇವರ ಫೋಟೋಗಳ ಬೆನ್ನು, ಎಲ್ಲ ಕಡೆ ಅದೇ. ಪಡಸಾಲೆಯ ಮೂಲೆಯಲ್ಲಿ ಗೋಣಿತಟ್ಟು ಸುತ್ತಿಟ್ಟ ಗಂಟೊಂದಿತ್ತು. ಬೀಡಿ ಎಲೆ ಒಣಗಿದರೆ ಮುರಿಯುತ್ತದೆಂದು ನೀರು ಚಿಮುಕಿಸಿ ಹಸಿ ತಟ್ಟಿನಲ್ಲಿ ಸುತ್ತಿಡುತ್ತಾರೆ. ಆ ತಟ್ಟಿನ ಒಂದು ಅಂಚು ಎತ್ತಿದೆ. ಹತ್ತಿಪ್ಪತ್ತು ಜಿರಳೆ ನಾಲ್ಕು ದಿಕ್ಕಿಗೆ ಓಡಿದವು. ಕುಡಿಯುವ ನೀರಿಗೆ ಅವಕ್ಕೆ ಬೇರೆ ಕಡೆ ಹೋಗುವ ಗರಜೇ ಇರಲಿಲ್ಲ.

ಮೂಲೆ ಮೂಲೆಯಲ್ಲಿ ಕಂದು ಬಣ್ಣದ ಪುಡಿ ಸುರಿದಿತ್ತು. ಇದೇನೆಂದು ಕೇಳಿದ್ದಕ್ಕೆ ಅಕ್ಕ, "ತಂಬಾಕದ ಧೂಳರಿ. ಜರಡಿ ಹಿಡದ ಮ್ಯಾಲ ತಳಕ್ಕ ಉಳದಿದ್ದು. ಹುಳ ಬರಬಾರದಂತ ಹಾಕ್ತೀವಿ" ಎಂದರು. ನನಗೆ ಅದರಲ್ಲಿ ವಿಶೇಷ ಕಾಣಲಿಲ್ಲ. ನಿಪ್ಪಾಣಿಯಲ್ಲಿ ಟ್ರಂಕಿನ ಸೀರೆಗೂ ಜೋಳದ ಚೀಲಕ್ಕೂ ಇದೇ ಕಾವಲು. ನಮ್ಮವ್ವನೂ ಹಾಕುತ್ತಿದ್ದಳು. "ಇರ್ಲಿ ಬಿಡ್ರಿ, ಚಲೋನ ಆತು" ಎಂದೆ.

ಮರುದಿನ ಮದ್ದು ಇಟ್ಟೆ. ಬಾಣಂತಿ ಬರುವ ಮನೆಯಲ್ಲಿ ಪಂಪಿನಿಂದ ವಿಷ ಸಿಂಪಡಿಸಬಾರದು, ಆದ್ದರಿಂದ ಜೆಲ್. ಸಿರಿಂಜಿನಲ್ಲಿ ಬರುವ ಕಂದು ಪೇಸ್ಟ್ ಅದು, ಸಿಹಿ ವಾಸನೆಯದು. ಕಪಾಟಿನ ಕೀಲು, ಬಿರುಕು, ಮಕ್ಕಳ ಕೈ ಮುಟ್ಟದ ಸಂದಿಗಳಲ್ಲಿ ಜೋಳದ ಕಾಳಿನಷ್ಟು ಚುಕ್ಕೆ ಇಡಬೇಕು. ಜಿರಳೆ ತಿಂದು ಗೂಡಿಗೆ ಹೋಗಿ ಸಾಯುತ್ತದೆ, ಅದರ ಹಿಕ್ಕೆ ತಿಂದ ಮರಿಗಳೂ ಸಾಯುತ್ತವೆ. ಎಷ್ಟಿವೆ ಎಂದು ತಿಳಿಯಲು ಆರು ಅಂಟುಹಾಳೆ ಹಾಸಿ ಬಂದೆ. ಸಂಜೆ ಹಾಸಿ ಬೆಳಿಗ್ಗೆ ನೋಡುವುದು ಕ್ರಮ. ಕೆಲಸ ಮುಗಿದ ಖುಷಿಗೆ ಕಟ್ಟೆಯ ಮೇಲೆ ಕೂತು ಅಂಗೈಯಲ್ಲಿ ಚೂರು ತಂಬಾಕು, ಉಗುರಿನ ತುದಿಯಷ್ಟು ಸುಣ್ಣ ಹಾಕಿ ತಿಕ್ಕಿ ತುಟಿಯೊಳಗೆ ಇಟ್ಟುಕೊಂಡೆ.

ಆರು ದಿನ ಕಳೆಯಿತು. ಅಂಟುಹಾಳೆಗಳ ಮೇಲೆ ಜಿರಳೆ ಮೊದಲಿನಷ್ಟೇ. ಜೆಲ್ ಚುಕ್ಕೆಗಳು ಒಣಗಿ ಗಟ್ಟಿಯಾಗಿದ್ದವು. ಒಂದನ್ನೂ ಅವು ಮುಟ್ಟಿರಲಿಲ್ಲ. ಮದ್ದು ಹಳೆಯದಿರಬೇಕೆಂದು ಬೇರೆ ಕಂಪನಿಯದು ತಂದು ಮತ್ತೆ ಇಟ್ಟೆ. ಇನ್ನೊಂದು ವಾರ ಕಳೆದರೂ ಅದೇ ಕಥೆ.

"ಅಣ್ಣಾರ, ಒಂದೂ ಸತ್ತಿಲ್ಲಲ್ರಿ" ಎಂದರು ಅಕ್ಕ. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. ಅವರು ಬೈಯಲಿಲ್ಲ, ಬೀಡಿ ಕಟ್ಟುವ ಕೈ ನಿಲ್ಲಿಸಿ ಗೂಟದಲ್ಲಿದ್ದ ಕುಲಾವಿ ನೋಡಿದರು.

ಅಲ್ಲಿ ನಾನು ಕೆಟ್ಟೆ. ಮಾಡಬಾರದೆಂದು ನನಗೇ ಗೊತ್ತಿದ್ದ ಕೆಲಸ ಮಾಡಿದೆ. ಅಕ್ಕ ಮತ್ತು ಆಯಿಯನ್ನು ಅರ್ಧ ದಿನ ಹೊರಗೆ ಕಳಿಸಿ, ಅಡುಗೆಮನೆಗೂ ಪಡಸಾಲೆಗೂ ಪಂಪು ಹೊಡೆದೆ. ಸುಮಾರು ಸತ್ತವು, ಕಸಬರಿಗೆಯಿಂದ ಗುಡಿಸಿ ತೋರಿಸಿ ಮೀಸೆ ಮೇಲೆ ಕೈಯಾಡಿಸಿದೆ. ಮೂರನೆಯ ದಿನ ಉಳಿದವು ದಿಕ್ಕಾಪಾಲಾಗಿದ್ದವು. ಇಲ್ಲಿಯವರೆಗೆ ಸ್ವಚ್ಛವಿದ್ದ ನಡುಕೋಣೆಗೆ ನುಗ್ಗಿದ್ದವು. ಹೊರಸಿನ ಕಾಲಿನ ತೂತಿನೊಳಗಿಂದ ಹಾಡಹಗಲೇ ಮೀಸೆ ಅಲ್ಲಾಡಿಸುತ್ತಿದ್ದವು. ಗೋಡೆಯ ಬಿರುಕಿನಿಂದ ಪಕ್ಕದ ಮನೆಗೂ ದಾಟಿದ್ದವು. ಪಕ್ಕದ ಮನೆಯ ಮರಾಠಿ ಹೆಂಗಸು ಸೆರಗು ಸಿಕ್ಕಿಸಿಕೊಂಡು ಬಂದೇ ಬಿಟ್ಟರು.

"ಅಹೋ ಭಾವು, ಹೇ ಕಾಯ್ ಕೇಲಂ ತುಮ್ಹೀ, ಏನ ಮಾಡಿಟ್ರಿ ಇದು? ನಮ್ಮ ಹಿಟ್ಟಿನ ಡಬ್ಬ್ಯಾಗ ಝುರಳ! ಮದಲ ಒಂದ ಸುದ್ದಾ ಇರ್ಲಿಲ್ಲ!"

ಅದೇ ಹೊತ್ತಿಗೆ ಒಳಗೆ ಅಕ್ಕನ ಫೋನು. ಏಕಸಂಬಿಯಿಂದ ಬೀಗತಿ. ಅಕ್ಕ, "ಆಗ್ಯಾವ್ರಿ, ಆಗಾಕತ್ತಾವ್ರಿ, ಇನ್ನ ಸ್ವಲ್ಪ ಅದಾವ್ರಿ" ಎನ್ನುತ್ತಿದ್ದುದು ಕೇಳಿಸಿತು. ಆ ಸುಳ್ಳು ನನ್ನ ಸಲುವಾಗಿ ಹೇಳಿದ್ದು. ನಾಚಿಕೆಯಿಂದ ಮುಖ ಎತ್ತಲಾಗಲಿಲ್ಲ. ಎರಡೂವರೆ ವಾರ ಹೋಗಿತ್ತು. ಉಳಿದದ್ದು ಮೂರೂವರೆ.

ಹೊಸ್ತಿಲ ಮೇಲೆ ಕೂತೆ. ಏನೂ ತೋಚದಾಗ ಕೈ ತಾನಾಗಿ ಕಿಸೆಗೆ ಹೋಗುತ್ತದೆ. ಗ್ಲೌಸ್ ತೆಗೆದು ಪಕ್ಕಕ್ಕಿಟ್ಟು ತಂಬಾಕಿನ ಪುಡಿಕೆ ಬಿಚ್ಚಿದೆ. ಆಯಿ ಪಕ್ಕದಲ್ಲೇ ಇದ್ದರು. ಕೈಯಾಡಿಸುತ್ತ ನನ್ನ ಗ್ಲೌಸ್ ಎತ್ತಿಕೊಂಡರು, ಮೂಗಿಗೆ ಹಿಡಿದರು.

"ತಮ್ಮಾ, ಇದನ್ನ ಹಾಕ್ಕೊಂಡ ಮದ್ದ ಇಡ್ತೀಯೇನು?"

"ಹೂನ್ರಿ ಆಯಿ. ಮದ್ದ ಕೈಗೆ ಹತ್ತಬಾರದಲ್ರಿ."

"ಮದ್ದ ನಿನ್ನ ಕೈಗೆ ಹತ್ತಿಲ್ಲೋ. ನಿನ್ನ ಕೈ ಮದ್ದಿಗೆ ಹತ್ತೈತಿ. ಇದು ಸುಣ್ಣ ಹಚ್ಚಿದ ತಂಬಾಕ. ನಮ್ಮ ಮನ್ಯಾಗ ಬೀಡಿ ತಂಬಾಕ ಐತಿ, ಸುಣ್ಣ ಹಚ್ಚಿ ತಿನ್ನಾವ್ರು ಯಾರೂ ಇಲ್ಲ. ಇದು ನಿಂದ."

ನಾನು ನಗಲು ಹೋದೆ. ಆಯಿ ನಗಲಿಲ್ಲ.

"ಜೊಂಡಿಗ್ಯಾ ಬರಬಾರದಂತ ನಮ್ಮ ಸೊಸಿ ಮೂಲ್ಯಾಗ ತಂಬಾಕದ ಧೂಳ ಹಾಕ್ಯಾಳ. ಅದಕ್ಕ ಅವು ಅದರ ಸನೇಕ ಹೋಗಂಗಿಲ್ಲ. ಅದ ಮೂಲ್ಯಾಗ, ಅದ ವಾಸನಿ ಕೈಲೆ ನೀ ಮದ್ದ ಇಟ್ಟ, ತಿನ್ರಿ ಅಂದ್ರ ಹೆಂಗ ತಿಂತಾವು?"

ಎಷ್ಟೋ ವರ್ಷ ಈ ಕೆಲಸ ಮಾಡಿದವನು ನಾನು. ಹೊಸ್ತಿಲ ಮೇಲೆ ಬಾಯಿ ತೆರೆದುಕೊಂಡು ಕೂತೆ. ತಂಬಾಕಿನ ವಾಸನೆ ನಿಪ್ಪಾಣಿಯಲ್ಲಿ ಹುಟ್ಟಿ ಬೆಳೆದವನ ಮೂಗಿಗೆ ವಾಸನೆಯಾಗಿ ಗೊತ್ತಾಗುವುದೇ ಇಲ್ಲ. ಗ್ಲೌಸು, ಪುಡಿಕೆ, ಸುಣ್ಣದ ಡಬ್ಬಿ, ಎಲ್ಲ ಒಂದೇ ಕಿಸೆಯಲ್ಲಿ. ಕೆಲವು ಮನೆಗಳಲ್ಲಿ ಜೆಲ್ ಅರ್ಧಂಬರ್ಧ ಕೆಲಸ ಮಾಡಿದಾಗ, "ನಿಮ್ಮ ಮನಿ ಸ್ವಚ್ಛ ಇಲ್ರಿ" ಎಂದು ಆ ಮನೆಯವರಿಗೇ ಅಂದು ಬಂದದ್ದು ನೆನಪಾಗಿ ಕಿವಿ ಬಿಸಿಯಾದವು.

ಆದರೂ ಆಯಿಯ ಮಾತನ್ನು ಪರೀಕ್ಷೆ ಮಾಡದೆ ಒಪ್ಪಲು ಅಹಂಕಾರ ಬಿಡಲಿಲ್ಲ. ಆ ಮನೆಯಿಂದಲೇ ಇಪ್ಪತ್ತು ಜಿರಳೆ ಹಿಡಿದೆ. ಎರಡು ಉಪ್ಪಿನಕಾಯಿ ಭರಣಿ ತೊಳೆದು ಒಣಗಿಸಿ, ಅವು ಏರಿ ಹೊರಗೆ ಬಾರದಂತೆ ಒಳಅಂಚಿಗೆ ವ್ಯಾಸಲಿನ್ ಸವರಿ, ಹತ್ತು ಹತ್ತು ಬಿಟ್ಟೆ. ಕುಡಿಯಲು ಹಸಿ ಹತ್ತಿಯ ಉಂಡೆ, ತಿನ್ನಲು ಏನೂ ಇಲ್ಲ. ಭರಣಿಗಳನ್ನು ನಮ್ಮ ಮನೆಗೇ ಒಯ್ದೆ. ನನ್ನ ಹೆಂಡತಿ, "ಮಂದಿ ಮನಿ ಜೊಂಡಿಗ್ಯಾ ತಗದ ನಮ್ಮ ಮನ್ಯಾಗ ಸಾಕತೀರೇನು?" ಎಂದು ಒಂದು ದಿನ ಮಾತು ಬಿಟ್ಟಳು. ಒಂದು ದಿನ ಉಪವಾಸ ಕೆಡವಿ, ಒಂದು ಭರಣಿಗೆ ಹೊಸ ಸಿರಿಂಜಿನಿಂದ, ಆಗ ತಾನೇ ಪೊಟ್ಟಣ ಬಿಚ್ಚಿದ ಗ್ಲೌಸಿನಿಂದ ಒಂದು ಚುಕ್ಕೆ ಇಟ್ಟೆ. ಇನ್ನೊಂದಕ್ಕೆ ನನ್ನ ಎಂದಿನ ಕೈಯಿಂದ.

ಬೆಳಿಗ್ಗೆ ಮೊದಲ ಭರಣಿಯ ಚುಕ್ಕೆ ಮಾಯ. ಆರು ಜಿರಳೆ ಅಂಗಾತ ಬಿದ್ದಿದ್ದವು. ಎರಡನೆಯದರಲ್ಲಿ ಹತ್ತೂ ಹೊಟ್ಟೆ ಹಸಿದುಕೊಂಡು ಒಂದು ಬದಿಗೆ ಗುಂಪಾಗಿದ್ದವು. ನನ್ನ ಚುಕ್ಕೆ ಇಟ್ಟ ಹಾಗೇ ಇತ್ತು.

ನಾನು ಮಾಡಿದ ಒಳ್ಳೆಯ ಕೆಲಸವೆಂದರೆ ಆ ಎರಡೂ ಭರಣಿಗಳನ್ನು ಹಾಗೇ ಚೀಲದಲ್ಲಿಟ್ಟುಕೊಂಡು ಅಕ್ಕನ ಮುಂದೆ ತಂದು ಇಟ್ಟದ್ದು. ತಪ್ಪು ನನ್ನದೆಂದು ಹೇಳಿದೆ. ಪಂಪು ಹೊಡೆದದ್ದು ಅದಕ್ಕಿಂತ ದೊಡ್ಡ ತಪ್ಪೆಂದೂ ಹೇಳಿದೆ. ಮುಂದೆ ಮಾಡಬೇಕಾದದ್ದು ಹೇಳುವಾಗ ಮಾತ್ರ ನಾಲಿಗೆ ತಡವರಿಸಿತು.

"ಅಕ್ಕಾರ, ತಂಬಾಕದ ಧೂಳ ಪೂರಾ ತಗದ, ಮನಿ ಎಲ್ಲಾ ಸಾಬಣ ನೀರಲೇ ಒರಸಬೇಕ್ರಿ. ಆಮ್ಯಾಲ ಮೂರ ವಾರ ಬೀಡಿ ಕೆಲಸ ಈ ಮನ್ಯಾಗ ಆಗಂಗಿಲ್ಲ. ಎಲಿ, ತಂಬಾಕ, ಹಸಿ ತಟ್ಟ, ಎಲ್ಲಾ ಹೊರಗ ಹೋಗಬೇಕು."

ಅಕ್ಕ ತೊಡೆಯ ಮೇಲಿನ ಮೊರ ಕೆಳಗಿಟ್ಟರು. ಆ ಮೊರದ ಮೇಲೇ ಮಗಳನ್ನು ಬೆಳೆಸಿ ಮದುವೆ ಮಾಡಿದವರು ಅವರು. ಆಮೇಲೆ ಎದ್ದು, ಸೆರಗು ಸರಿ ಮಾಡಿಕೊಂಡು, ಜಗಳ ಆಡಿ ಹೋಗಿದ್ದ ಪಕ್ಕದ ಮನೆಗೆ ಹೋದರು. ನಾನು ಕಟ್ಟೆಯ ಮೇಲೆ ಕಿವಿ ನಿಮಿರಿಸಿಕೊಂಡು ನಿಂತಿದ್ದೆ. ಮೊದಲು ಗೊಣಗಾಟ ಕೇಳಿಸಿತು. ಆಮೇಲೆ ಆ ಹೆಂಗಸಿನ ದೊಡ್ಡ ದನಿ.

"ಬಾಳಂತೀಣ ಬರಾಕಿ ಅಂದ್ರ ಮದಲ ಯಾಕ ಹೇಳ್ಲಿಲ್ಲ ನೀನು? ನನ್ನ ಮೂರೂ ಹುಡುಗ್ಯಾರ ಬಾಣಂತನ ಇದ ಮನ್ಯಾಗ ಮಾಡೀನಿ. ಹಿತ್ತಲ ಕಡೆ ಪಡವಿ ಖಾಲಿ ಐತಿ, ಘೇಊನ್ ಯೇ, ತಗೊಂಡ ಬಾ ನಿನ್ನ ಮೊರ!"

ಹಿತ್ತಲ ಚಪ್ಪರದಡಿ ಬೀಡಿ ಕೆಲಸಕ್ಕೆ ಜಾಗ ಸಿಕ್ಕಿತು. ನನಗೆ ಅಲ್ಲೇ ಗೋಡೆಗೆ ಒರಗಿ ಉಸಿರು ಬಿಡುವಂತಾಯಿತು.

ಅಕ್ಕ, ಪಕ್ಕದ ಮನೆಯವರು, ನಾನು, ಎರಡು ದಿನ ಮೂರು ಮನುಷ್ಯರ ದುಡಿಮೆ. ಎಲೆಯ ಗಂಟನ್ನು ಬಿಸಿಲಿಗೆ ಒಯ್ದು, ಬಿಳಿ ಅರಿವೆಯ ಮೇಲೆ ಒಂದೊಂದೇ ಕಟ್ಟು ಜಾಡಿಸಿದೆವು. ಉದುರಿದ್ದನ್ನು ಸಾಬೂನು ನೀರಿನ ಬಕೀಟಿಗೆ ಹಾಕಿದೆವು. ಹಳೆಯ ತಟ್ಟನ್ನು ಕುದಿಯುವ ನೀರಿಗೆ ಹಾಕಿ ತೆಗೆದೆವು. ಮೂಲೆಗಳ ಧೂಳು ಗುಡಿಸಿ, ನಾನು ಪಂಪು ಹೊಡೆದ ಗೋಡೆಯನ್ನೂ ಎರಡೆರಡು ಸಲ ಒರೆಸಿದೆವು, ಏಕೆಂದರೆ ಆ ವಾಸನೆಗೂ ಅವು ಜೆಲ್ ಬಳಿ ಬರುವುದಿಲ್ಲ. ಹೊರಸಿನ ಕಾಲಿನ ತೂತಿಗೆ ಕಾದ ನೀರು ಹೊಯ್ದೆವು. ಗೋಡೆಯ ಬಿರುಕನ್ನು ಸಿಮೆಂಟಿನಿಂದ ಮುಚ್ಚಿದೆ. ಅಕ್ಕನಿಗೆ ಒಂದೇ ನೇಮ ಹೇಳಿದೆ, ಮಲಗುವ ಮೊದಲು ಪಾತ್ರೆ ತೊಳೆಯುವ ಜಾಗ ಒಣಬಟ್ಟೆಯಿಂದ ಒರೆಸಿಡಬೇಕು, ಎಲ್ಲೂ ನೀರಿನ ಪಸೆ ಇರಬಾರದು.

ನನ್ನ ಪಾಲಿನ ನೇಮ ಇನ್ನೂ ಕಷ್ಟದ್ದು. ತಂಬಾಕು ಬಿಡಬೇಕಿತ್ತು. ಕೆಲಸದ ಹೊತ್ತಿಗಷ್ಟೇ ಬಿಡುತ್ತೇನೆಂದು ಹೊರಟೆ, ಮೊದಲ ದಿನವೇ ತಲೆ ಸಿಡಿಯಿತು. ಎಲ್ಲರ ಮೇಲೂ ಹರಿಹಾಯ್ದೆ. ಆಯಿ ಬಡೇಸೋಪಿನ ಪುಡಿಕೆ ಕೈಗಿಟ್ಟು, "ಹೊರಗ ಕುಂತ ಇದನ್ನ ಅಗಿ. ಜನ್ಮ ಎಲ್ಲಾ ನಾ ತಂಬಾಕ ಮೂಸೇನಿ, ಒಂದ ದಿನಾ ಬಾಯಾಗ ಹಾಕಿಲ್ಲ. ನಿನಗ ಮೂರ ವಾರ ಆಗಂಗಿಲ್ಲೇನು?" ಎಂದು ಗದರಿಸಿದರು. ದಿನಾ ಮನೆಯೊಳಗೆ ಬಿಡುವ ಮೊದಲು ನನ್ನ ಕೈ ಮೂಸುವುದನ್ನು ಅವರು ರೂಢಿ ಮಾಡಿಕೊಂಡರು. ಒಂದು ಬೆಳಿಗ್ಗೆ ದಾರಿಯಲ್ಲಿ ಕದ್ದು ಚೂರು ತಿಕ್ಕಿ, ಮೂರು ಸಲ ಸಾಬೂನು ಹಚ್ಚಿ ತೊಳೆದು ಬಂದಿದ್ದೆ. ಆಯಿ ಮೂಸಿ, ನನ್ನನ್ನು ಹೊರಗೇ ಬಿಟ್ಟು ಬಾಗಿಲು ಹಾಕಿಕೊಂಡರು. ಆ ದಿನ ಕೆಲಸ ಆಗಲಿಲ್ಲ. ಮತ್ತೆ ಹಾಗೆ ಮಾಡಲಿಲ್ಲ.

ಹೊಸ ಸಿರಿಂಜು, ಹೊಸ ಗ್ಲೌಸು, ಹೊಸ ಚೀಲ. ದೊಡ್ಡ ಚುಕ್ಕೆ ಕೆಲವು ಇಡುವ ಬದಲು ಸಣ್ಣ ಚುಕ್ಕೆ ಬಹಳ ಇಟ್ಟೆ. ಪಕ್ಕದ ಮನೆಯಲ್ಲೂ ಇಟ್ಟೆ. ನಡುಕೋಣೆಯ ಒಳಗೆ ಮಾತ್ರ ಒಂದೂ ಇಡಲಿಲ್ಲ, ಅದರ ಬಾಗಿಲ ಹೊರಗಿನ ಸಂದಿಗಳಲ್ಲಷ್ಟೇ. ಎರಡನೆಯ ದಿನ ಅಕ್ಕ ಫೋನ್ ಮಾಡಿ, "ಅಣ್ಣಾರ, ಅಂಗಾತ ಬಿದ್ದಾವ್ರಿ! ಒಲಿ ಬುಡಕ ಕಸಬರಗಿ ತುಂಬ ಬಂದ್ವು!" ಎಂದರು. ಸತ್ತ ಜಿರಳೆಯ ಸುದ್ದಿ ಕೇಳಿ ನನ್ನ ಕಣ್ಣಲ್ಲಿ ನೀರು ಬಂದದ್ದು ಅದೇ ಮೊದಲು, ಅದೇ ಕೊನೆ.

ಅಂಟುಹಾಳೆಗಳ ಮೇಲಿನ ಲೆಕ್ಕ ದಿನದಿನಕ್ಕೆ ಇಳಿಯಿತು. ಹತ್ತನೆಯ ದಿನದ ಹೊತ್ತಿಗೆ ಮತ್ತೆ ಸಣ್ಣ ಸಣ್ಣ ಕಪ್ಪು ಮರಿಗಳು ಕಂಡು ಅಕ್ಕ ಗಾಬರಿಯಾದರು. ಅವು ತತ್ತಿಯ ಚೀಲದಿಂದ ಆಗ ಹೊರಬಿದ್ದವು, ಅದನ್ನು ನಾನು ನಿರೀಕ್ಷಿಸಿದ್ದೆ. ಹದಿನಾಲ್ಕನೆಯ ದಿನ ಎರಡನೆಯ ಸುತ್ತು ಇಟ್ಟೆ. ಹದಿನೇಳನೆಯ ದಿನ ಆರು ಹಾಳೆಯಲ್ಲಿ ಐದು ಖಾಲಿ, ಒಂದರಲ್ಲಿ ಒಂದೇ ಒಂದು ಮರಿ. ಆಮೇಲೆ ಮೂರು ದಿನ ಎಲ್ಲ ಖಾಲಿ. ಆ ಬಿಳಿ ಹಾಳೆಗಳನ್ನು ಅಕ್ಕ ಆಯಿಯ ಕೈಗೆ ಕೊಟ್ಟರು. ಆಯಿ ಬೆರಳಿನಿಂದ ಸವರಿ ನೋಡಿ, ಬೆರಳು ಅಂಟಿಕೊಂಡದ್ದಕ್ಕೆ ನನಗೆ ಬೈದರು.

ಬೀಗತಿ ಅಕ್ಕನ ಮಗಳನ್ನು ಕರೆದುಕೊಂಡು ತಾವೇ ಬಂದರು. ನಾನು ಬೇಕೆಂದೇ ಆ ದಿನ ಅಲ್ಲಿದ್ದೆ. ಅವರು ಚಪ್ಪಲಿ ಬಿಟ್ಟವರೇ ನೇರ ಅಡುಗೆಮನೆಗೆ ಹೋದರು. ಫ್ರಿಜ್ಜಿನ ರಬ್ಬರ್ ಬಿಡಿಸಿ ನೋಡಿದರು, ದೇವರ ಫೋಟೋ ಸರಿಸಿ ನೋಡಿದರು, ಹೊರಸನ್ನು ಎತ್ತಿ ಕುಕ್ಕಿದರು. ಆಮೇಲೆ ಲೋಟ ತೆಗೆದುಕೊಂಡು ನೀರು ತುಂಬಿ, ನಿಂತಲ್ಲೇ ಗಟಗಟ ಕುಡಿದರು. "ಬೀಗತಿ, ಮಗಳ ಚೀಲ ಇಳಸ್ರಿ" ಎಂದು ಅಕ್ಕನಿಗೆ ಹೇಳಿದರು. ಮಗಳು ತಾಯಿಯ ಹೆಗಲಿಗೆ ಹಣೆ ಹಚ್ಚಿ ನಿಂತಳು. ನಾನು ನನ್ನ ಸಾಮಾನು ಕಟ್ಟಿಕೊಳ್ಳುವ ನೆಪದಲ್ಲಿ ಹೊರಗೆ ಬಂದೆ.

ಜಿರಳೆ ಒಮ್ಮೆ ಹೋದರೆ ಮತ್ತೆ ಬರುವುದಿಲ್ಲ ಎಂದು ನಾನು ಯಾರಿಗೂ ಹೇಳುವುದಿಲ್ಲ. ಆ ಮನೆಗೆ ಈಗಲೂ ಮೂರು ತಿಂಗಳಿಗೊಮ್ಮೆ ಹೋಗಿ ಅಂಟುಹಾಳೆ ಹಾಸಿ ಬರುತ್ತೇನೆ. ಬೀಡಿ ಕೆಲಸ ಪಕ್ಕದ ಮನೆಯ ಹಿತ್ತಲಿನಲ್ಲೇ ಉಳಿದುಬಿಟ್ಟಿದೆ, ಇಬ್ಬರೂ ಕೂತು ಹರಟುತ್ತ ಕಟ್ಟುತ್ತಾರೆ. ನನ್ನಿಂದ ಬೈಸಿಕೊಂಡ ಹಳೆಯ ಗಿರಾಕಿಗಳ ಮನೆಗಳಿಗೂ ಹೋಗಿ, ತಪ್ಪು ನನ್ನದಿತ್ತೆಂದು ಹೇಳಿ ಮತ್ತೆ ಮದ್ದಿಟ್ಟು ಬಂದೆ. ತಂಬಾಕು ಮಾತ್ರ ಮತ್ತೆ ಹಿಡಿಯಲಿಲ್ಲ. ಇದಕ್ಕೆಲ್ಲ ಆಯಿಯ ಋಣ ನನ್ನ ಮೇಲಿದೆ, ತೀರುವಂಥದ್ದಲ್ಲ, ತೀರಲಿ ಎಂದೂ ನನಗಿಲ್ಲ.

ಹೆಣ್ಣು ಕೂಸು ಹುಟ್ಟಿತು. ತೊಟ್ಟಿಲಿಗೆ ಹಾಕುವ ದಿನ ನನಗೂ ಕರೆ ಬಂತು. ಬಂದ ಹೆಂಗಸರೆಲ್ಲ ಕೂಸನ್ನು ಎತ್ತಿಕೊಳ್ಳಲು ಮುಗಿಬಿದ್ದಿದ್ದರು, ಆಯಿ ತೊಟ್ಟಿಲಿನ ಪಕ್ಕ ಕಾವಲು ಕೂತಿದ್ದರು. ನಾನು ನಳದ ಹತ್ತಿರ ಕೈ ತೊಳೆದು ಬಾಗಿಲಲ್ಲಿ ನಿಂತೆ.

"ಜೊಂಡಿಗ್ಯಾದಾಂವ ಬಂದಾನೇನು? ಬಾ ಇಲ್ಲಿ, ಕೈ ತಾ" ಎಂದರು ಆಯಿ.

ಎಲ್ಲರ ಮುಂದೆ ಎರಡೂ ಕೈ ಚಾಚಿದೆ. ಆಯಿ ಅಂಗೈಗಳನ್ನು ಮೂಗಿಗೆ ಒತ್ತಿಕೊಂಡು, ಮೊದಲು ಬಲಗೈ, ಆಮೇಲೆ ಎಡಗೈ, ಸಾವಕಾಶ ಮೂಸಿದರು. ಬೆರಳಿನ ಸಂದಿಗಳನ್ನೂ ಬಿಡಲಿಲ್ಲ.

"ಬರೇ ಸಾಬಣ" ಎಂದರು. "ಕೊಡವ್ವಾ, ಇವನ ಕೈಯಾಗ ಕೂಸ ಕೊಡು."

ಆಗ ತಾನೇ ಹಾಲು ಕುಡಿದ ಕೂಸು ನನ್ನ ಕೈಯಲ್ಲಿ ನಿದ್ದೆ ಹೋಗಿತ್ತು. ತುಟಿಯ ಮೇಲೆ ಒಂದು ಹನಿ ಹಾಲು ಹಾಗೇ ನಿಂತಿತ್ತು.